ಕಾರ್ಗಲ್ಲಿನಲ್ಲಿ ನಿಂತ ಪ್ರವಾಸಿಗೆ ಮುಳುಗಿದ ಊರುಗಳ ಹೆಸರನ್ನೂ ಹೇಳಿ: ಒಂದು ಬಹಿರಂಗ ಪತ್ರ

ರಾಜ್ಯದ ಕಂದಾಯ, ಅರಣ್ಯ, ಇಂಧನ ಮತ್ತು ಪ್ರವಾಸೋದ್ಯಮ ಖಾತೆಗಳ ಹೊಣೆ ಹೊತ್ತಿರುವ ಮಾನ್ಯ ಸಚಿವರಿಗೆ ಹಾಗೂ ಹಿರಿಯ ಅಧಿಕಾರಿಗಳಿಗೆ,

ವಿಷಯ: ಶರಾವತಿ ಮುಳುಗಡೆ ಊರುಗಳ ದಾಖಲೆ ಮತ್ತು ಸಂತ್ರಸ್ತ ಕುಟುಂಬಗಳ ಹಕ್ಕುಪತ್ರ

ಮಾನ್ಯರೇ,

ಶರಾವತಿ ನದಿಗೆ ಕಟ್ಟಿದ ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ 1,819 ಅಡಿ ಎಂಬುದು ಮಳೆಗಾಲದಲ್ಲಿ ಪತ್ರಿಕೆ ಓದುವ ಕನ್ನಡಿಗರೆಲ್ಲರಿಗೂ ಗೊತ್ತು. ಇಂದಿನ ಮಟ್ಟ ಎಷ್ಟು, ಒಳಹರಿವು ಎಷ್ಟು, ತುಂಬಲು ಇನ್ನೆಷ್ಟು ಅಡಿ ಬಾಕಿ ಎಂಬುದನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನವೂ ನಮಗೆ ತಿಳಿಸಲಾಗುತ್ತದೆ. ಆದರೆ ಆ ನೀರಿನಡಿ ಯಾವ ಯಾವ ಊರುಗಳಿವೆ, ಅಲ್ಲಿಂದ ಎಬ್ಬಿಸಿದ ಜನ ಈಗ ಎಲ್ಲಿದ್ದಾರೆ, ಅವರು ಅರವತ್ತು ವರ್ಷದಿಂದ ಉಳುತ್ತಿರುವ ನೆಲ ಅವರ ಹೆಸರಿಗೆ ಬಂದಿದೆಯೇ ಎಂಬುದು, ಅಣೆಕಟ್ಟೆಯ ಮಗ್ಗುಲಲ್ಲೇ ಇರುವ ಕಾರ್ಗಲ್ಲಿನಲ್ಲಿ ಇಳಿದು ನಾಲ್ಕು ಕಡೆ ವಿಚಾರಿಸಿದರೂ ಪ್ರವಾಸಿಗೆ ಸುಲಭವಾಗಿ ತಿಳಿಯುವುದಿಲ್ಲ. ಈ ಕೊರತೆಯನ್ನು ತಮ್ಮ ಗಮನಕ್ಕೆ ತರಲು ಮತ್ತು ಅದನ್ನು ತುಂಬಿಕೊಡಬೇಕೆಂದು ಕೋರಲು ಈ ಪತ್ರವನ್ನು ಬರೆಯುತ್ತಿದ್ದೇನೆ.

ನಾನು ಬಯಲುಸೀಮೆಯವನು, ಶಿಕ್ಷಕನಾಗಿ ನಿವೃತ್ತನಾದವನು. ಈಚೆಗೆ ಮನೆಯವರೊಂದಿಗೆ ಕರಾವಳಿಯ ಕಡೆಯಿಂದ ಘಟ್ಟ ಹತ್ತಿ, ಮಲೆನಾಡಿನ ಉದ್ದಕ್ಕೂ ರಸ್ತೆಯಲ್ಲೇ ಪ್ರಯಾಣ ಮಾಡಿದೆ. ಹೊಸಂಗಡಿಯಿಂದ ಹುಲಿಕಲ್ ಘಾಟಿಯ ತಿರುವುಗಳನ್ನು ಏರಿ, ಮಾಸ್ತಿಕಟ್ಟೆ, ಯಡೂರು, ನಗರ, ಹೊಸನಗರಗಳನ್ನು ದಾಟಿ ಸಾಗರಕ್ಕೆ ಬಂದು, ಅಲ್ಲಿಂದ ಜೋಗದ ಪಕ್ಕದ ಕಾರ್ಗಲ್ಲಿನಲ್ಲಿ ತಂಗಿ, ಮುಂದೆ ಕೋಗಾರು ಘಾಟಿಯಲ್ಲಿ ಭಟ್ಕಳದ ಕಡೆಗೆ ಇಳಿಯುವುದು ನಮ್ಮ ದಾರಿಯಾಗಿತ್ತು. ಈ ದಾರಿಯಲ್ಲಿ ಹೋಗುವವರಿಗೆ ಒಂದು ಸಂಗತಿ ನಿಧಾನವಾಗಿ ಹೊಳೆಯುತ್ತದೆ: ಘಟ್ಟದ ನೆತ್ತಿಯಲ್ಲಿ ಎಲ್ಲಿ ನಿಂತರೂ ಯಾವುದಾದರೊಂದು ಜಲಾಶಯ ಹತ್ತಿರದಲ್ಲೇ ಇರುತ್ತದೆ. ವಾರಾಹಿಗೆ ಕಟ್ಟಿದ ಮಾಣಿ ಜಲಾಶಯದ ನೀರು ಸುರಂಗದೊಳಗಿಂದ ಇಳಿದು ಹೊಸಂಗಡಿಯ ಭೂಗರ್ಭ ವಿದ್ಯುದಾಗಾರದಲ್ಲಿ ವಿದ್ಯುತ್ತಾಗುತ್ತದೆ. ಪಶ್ಚಿಮಕ್ಕೆ ಇಳಿದುಹೋಗಬೇಕಾಗಿದ್ದ ಚಕ್ರಾ ಮತ್ತು ಸಾವೆಹಕ್ಲು ಹೊಳೆಗಳ ನೀರನ್ನು ಕಾಲುವೆ ತೋಡಿ ಲಿಂಗನಮಕ್ಕಿಗೆ ತಿರುಗಿಸಲಾಗಿದೆ. ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು, ಇಂದಿನ ನಗರ, ಈಗ ಹಿನ್ನೀರುಗಳ ನಡುವೆ ಉಳಿದಿರುವ ಊರು. ಹೊಸನಗರದಿಂದ ಸಾಗರಕ್ಕೆ ಬರುವಾಗ ಪಟಗುಪ್ಪದ ಸೇತುವೆಯ ಮೇಲೆ ವಾಹನ ನಿಲ್ಲಿಸಿ ಚಿತ್ರ ತೆಗೆಯುವವರು ನೋಡುತ್ತಿರುವುದೂ ಅದೇ ಶರಾವತಿಯ ಹಿನ್ನೀರನ್ನು. ಹೊಳೆ ಮತ್ತು ಕಣಿವೆ ಬೇರೆ ಬೇರೆಯಾಗಿದ್ದರೂ ಇಡೀ ಪ್ರದೇಶವು ನಾಡಿನ ವಿದ್ಯುತ್ತಿಗಾಗಿ ಹೊಂದಿಸಿಕೊಂಡ ಒಂದೇ ವ್ಯವಸ್ಥೆಯಾಗಿದೆ. ಇದನ್ನು ದಾರಿಹೋಕರಿಗೆ ವಿವರಿಸುವ ಒಂದು ನಕ್ಷೆಯನ್ನೂ ನಾವು ಹಾದುಬಂದ ದಾರಿಯಲ್ಲಿ ನಾನು ಕಾಣಲಿಲ್ಲ.

ಕಾರ್ಗಲ್ ಈ ವ್ಯವಸ್ಥೆಯ ನಡುಮನೆ. ಯೋಜನೆಗೆಂದು ಬಂದ ಎಂಜಿನಿಯರುಗಳು, ಕೂಲಿಕಾರರು, ವ್ಯಾಪಾರಿಗಳಿಂದ ಬೆಳೆದ ಊರು ಅದು. ಒಂದು ಬದಿಗೆ ಲಿಂಗನಮಕ್ಕಿ ಅಣೆಕಟ್ಟೆ, ಇನ್ನೊಂದು ಬದಿಗೆ ತಳಕಳಲೆಯ ಸಮತೋಲನ ಜಲಾಶಯ, ಆಚೆ 830 ಅಡಿ ಧುಮುಕುವ ಜೋಗ. ಘಟ್ಟದ ದಾರಿಯಲ್ಲಿ ದಣಿದು ಬಂದವರು ಊಟಕ್ಕೆ, ರಾತ್ರಿಯ ವಸತಿಗೆ, ವಾಹನದ ಸಣ್ಣಪುಟ್ಟ ರಿಪೇರಿಗೆ ಇಲ್ಲಿ ನಿಲ್ಲುತ್ತಾರೆ. ಭದ್ರತೆಯ ಕಾರಣಕ್ಕೆ ಅಣೆಕಟ್ಟೆಯ ಬಳಿ ಕಟ್ಟುನಿಟ್ಟು ಇರಬೇಕಾದದ್ದೇ, ಅದರ ಬಗ್ಗೆ ನನ್ನ ದೂರಿಲ್ಲ. ನನ್ನ ದೂರು ಊರಿನೊಳಗೆ ನಮಗೆ ಸಿಕ್ಕ ಮಾಹಿತಿಯ ಬಗ್ಗೆ. ಜಲಾಶಯದ ಸಾಮರ್ಥ್ಯ 151 ಟಿಎಂಸಿಗೂ ಹೆಚ್ಚು, ಅಂದರೆ ಕೃಷ್ಣರಾಜಸಾಗರದ ಮೂರು ಪಟ್ಟು ಎಂಬುದನ್ನು, ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳು ಸೇರಿ 1,035 ಮೆಗಾವಾಟ್ ಎಂಬುದನ್ನು ಕೇಳಿದವರೆಲ್ಲ ಅಭಿಮಾನದಿಂದ ಹೇಳಿದರು. ಮುಳುಗಿದ ಊರುಗಳ ಹೆಸರು ಕೇಳಿದಾಗ ಹೆಚ್ಚಿನವರು ಒಂದೆರಡು ಹೆಸರು ಹೇಳಿ ಸುಮ್ಮನಾದರು.

ಸುಮ್ಮನಾಗದೆ ಮಾತಾಡಿದವರು ನಾವು ಊಟ ಮಾಡಿದ ಖಾನಾವಳಿಯ ಹಿರಿಯ ಹೆಂಗಸೊಬ್ಬರು. ಮದುವೆಯಾಗುವ ಮುಂಚೆ ತಮ್ಮ ತೌರಿನ ಊರನ್ನು ನೀರು ಮುಟ್ಟಿದ ವರ್ಷ ಅವರಿಗೆ ಚೆನ್ನಾಗಿ ನೆನಪಿದೆ. ಮನೆಯ ಹೆಂಚು, ಮರದ ಕಂಬ, ದನಕರು, ಭತ್ತದ ಬಿತ್ತನೆ, ಮನೆದೇವರ ಕಲ್ಲು, ಇಷ್ಟನ್ನು ಲಾರಿಗೆ ತುಂಬಿಕೊಂಡು ಹೋಗಿ ಕಾಡಿನ ನಡುವೆ ಇಳಿಸಿದರೆಂದೂ, ಅಲ್ಲಿ ಮರ ಕಡಿದು, ಗದ್ದೆ ಮಾಡಿ, ಮೊದಲ ಮಳೆಗಾಲಗಳಲ್ಲಿ ಜ್ವರಕ್ಕೆ ಇಬ್ಬರನ್ನು ಕಳೆದುಕೊಂಡು ಬದುಕು ಕಟ್ಟಿದ್ದೆಂದೂ ಹೇಳಿದರು. ಅವರ ಅಣ್ಣನ ಮಕ್ಕಳು ಈಗಲೂ ಅದೇ ಗದ್ದೆ ಉಳುತ್ತಾರೆ, ಈಗಲೂ ಅದಕ್ಕೆ ಪಹಣಿ ಇಲ್ಲ, ಬ್ಯಾಂಕಿನಲ್ಲಿ ಬೆಳೆಸಾಲ ಇಲ್ಲ. "ಸರ್ಕಾರದವರೇ ತಂದು ಬಿಟ್ಟ ಜಾಗ, ಸರ್ಕಾರದವರೇ ಒತ್ತುವರಿ ಅಂತಾರೆ" ಎಂದು ಅವರು ಹೇಳಿದಾಗ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅರವತ್ತು ವರ್ಷದಲ್ಲಿ ಸಿಟ್ಟೂ ಸವೆದಿರಬೇಕು.

ಅವರ ಮಾತು ಒಂದು ಮನೆಯ ಕಷ್ಟವಷ್ಟೇ ಅಲ್ಲವೆಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಸಾರ್ವಜನಿಕರ ಸಲುವಾಗಿ ಈ ಇತಿಹಾಸವನ್ನು ಒಮ್ಮೆ ಹೇಳಬೇಕು. ಈ ಕಣಿವೆ ಮೊದಲು ಮುಳುಗಿದ್ದು 1940ರ ದಶಕದಲ್ಲಿ, ಮೈಸೂರು ಸಂಸ್ಥಾನ ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟೆಯನ್ನು ಕಟ್ಟಿದಾಗ. ಜೋಗದ ಕೆಳಗಿನ ವಿದ್ಯುದಾಗಾರ 1948ರಲ್ಲಿ ಆರಂಭವಾದದ್ದು ಆ ನೀರಿನಿಂದ. ಅದಾದ ಎರಡು ದಶಕದೊಳಗೆ, 1964ರಲ್ಲಿ ಲಿಂಗನಮಕ್ಕಿ ಸಿದ್ಧವಾದಾಗ, ಮೊದಲ ಅಣೆಕಟ್ಟೆಯೇ ಎರಡನೆಯದರ ನೀರಿನಲ್ಲಿ ಮುಳುಗಿತು. ಮೊದಲ ಸಲ ಎದ್ದುಬಂದು ಮೇಲಿನ ಜಾಗಗಳಲ್ಲಿ ಮನೆ ಕಟ್ಟಿಕೊಂಡಿದ್ದ ಕೆಲವರು ಎರಡನೆಯ ಸಲ ಮತ್ತೆ ಏಳಬೇಕಾಯಿತು. ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಸುಮಾರು 300 ಚದರ ಕಿಲೋಮೀಟರಿನಷ್ಟು ನೆಲ, ಅದರೊಳಗಿನ ಗದ್ದೆ, ಅಡಿಕೆ ತೋಟ, ಸೊಪ್ಪಿನಬೆಟ್ಟ, ಕೆರೆ, ದೇವಸ್ಥಾನ, ಬಸದಿ, ಶಾಲೆಗಳೊಂದಿಗೆ ನೀರಿನ ಕೆಳಗೆ ಹೋಯಿತು.

ಇಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ, ಏಕೆಂದರೆ ಇಂದಿನ ಹಕ್ಕುಪತ್ರದ ಸಮಸ್ಯೆಯ ಬೇರು ಅಲ್ಲಿದೆ. ಇದೇ ಸಾಗರ ತಾಲ್ಲೂಕಿನಲ್ಲಿ 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆಯಿತು. ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ದೀವರ ಸಮುದಾಯದ ಗೇಣಿದಾರರು ಭೂಮಾಲೀಕರ ಎದುರು ನಿಂತರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೊಳಗಾದರು. ಉಳುವವನಿಗೆ ನೆಲ ಎಂಬ ಆ ಬೇಡಿಕೆ ಪೂರ್ಣ ಅರ್ಥದಲ್ಲಿ ಕಾನೂನಾದದ್ದು 1974ರಲ್ಲಿ. ಲಿಂಗನಮಕ್ಕಿಯಲ್ಲಿ ನೀರು ನಿಂತದ್ದು ಇವೆರಡರ ನಡುವೆ. ಅಂದರೆ ನೆಲವನ್ನು ವಶಪಡಿಸಿಕೊಂಡ ಕಾಲಕ್ಕೆ ಈ ಕಣಿವೆಯ ಬಹುಪಾಲು ಉಳುವವರ ಹೆಸರು ದಾಖಲೆಯಲ್ಲಿ ಮಾಲೀಕರೆಂದು ಇರಲಿಲ್ಲ. ಹತ್ತು ವರ್ಷ ಮುಂದೆ ಸಿಗಬಹುದಾಗಿದ್ದ ಹಕ್ಕು, ನೆಲವೇ ಇಲ್ಲವಾದ್ದರಿಂದ ಅವರಿಗೆ ಎಂದೂ ಸಿಗದೆ ಹೋಯಿತು. ಪರಿಹಾರವು ದಾಖಲೆಯನ್ನು ನೋಡಿ ಕೊಡುವಂಥದ್ದು, ದಾಖಲೆಯಿದ್ದದ್ದು ಮಾಲೀಕನ ಬಳಿ. ಗೇಣಿದಾರನ ಕೈಗೆ ಬಂದದ್ದು ಕಾಡಿನಲ್ಲಿ ಗುರುತಿಸಿಕೊಟ್ಟ ಜಾಗ ಮಾತ್ರ, ಅದೂ ಅರಣ್ಯ ಎಂಬ ಹೆಸರು ಕಳಚದ ಜಾಗ. ಮುಳುಗಡೆಯಿಂದ ಎಲ್ಲ ಜಾತಿ ಸಮುದಾಯದವರೂ ನೊಂದಿದ್ದಾರೆ, ತೋಟ ಕಳೆದುಕೊಂಡ ಹವ್ಯಕರ ಸಂಕಟವೂ ಸಣ್ಣದಲ್ಲ. ಆದರೆ ಕಾಗದವಿಲ್ಲದೆ ಹೊರಟವರಿಗೆ ಆದ ನಷ್ಟ ತಲೆಮಾರುಗಳಿಗೆ ಸಾಗಿಬಂದಿದೆ.

ಅವರನ್ನು ಕಾಡಿಗೆ ಕಳಿಸಿದ ಮೇಲೆ ಕಾಡಿನ ಕಾನೂನುಗಳು ಒಂದೊಂದಾಗಿ ಬಂದವು. 1972ರಲ್ಲಿ ಶರಾವತಿ ವನ್ಯಜೀವಿ ಅಭಯಾರಣ್ಯ ಘೋಷಣೆಯಾಯಿತು, 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು, 2019ರಲ್ಲಿ ಅಭಯಾರಣ್ಯವನ್ನು ಸಿಂಗಳೀಕ ಎಂಬ ಕೋತಿಯ ಹೆಸರಿನಲ್ಲಿ ಮತ್ತಷ್ಟು ವಿಸ್ತರಿಸಲಾಯಿತು. ಈ ನಡುವೆ ಬಂದ ರಾಜ್ಯ ಸರ್ಕಾರಗಳು ಸಂತ್ರಸ್ತರಿಗೆ ಕೊಟ್ಟ ಭೂಮಿಯನ್ನು ಅರಣ್ಯದಿಂದ ಕೈಬಿಟ್ಟು ಆದೇಶ ಹೊರಡಿಸಿದವು, ಹಕ್ಕುಪತ್ರಗಳನ್ನೂ ಹಂಚಿದವು. ಕೇಂದ್ರದ ಒಪ್ಪಿಗೆಯಿಲ್ಲದೆ ಹೊರಡಿಸಿದ ಕಾರಣಕ್ಕೆ ಆ ಡಿನೋಟಿಫಿಕೇಷನ್ ಆದೇಶಗಳು 2021ರಲ್ಲಿ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ನ್ಯಾಯಾಲಯ ಕಾನೂನನ್ನು ಹೇಳಿದೆ, ಅದನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಒಪ್ಪಿಗೆ ಪಡೆಯಬೇಕಾಗಿದ್ದವರು ರೈತರಲ್ಲ, ಸರ್ಕಾರ. ಪಡೆಯದೆ ಬಿಟ್ಟ ಒಪ್ಪಿಗೆಯ ಶಿಕ್ಷೆ ಮಾತ್ರ, ಸಮಾರಂಭದಲ್ಲಿ ಹಕ್ಕುಪತ್ರ ಪಡೆದು ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದವರಿಗೆ ಬಂತು.

ಹಿನ್ನೀರಿನ ಆಚೆ ಉಳಿದವರ ಕಥೆಯನ್ನೂ ಇಲ್ಲಿ ಹೇಳಲೇಬೇಕು. ಕರೂರು, ಬಾರಂಗಿ ಹೋಬಳಿಗಳ ಜನ ನೆಲ ಉಳಿದರೂ ದಾರಿ ಕಳೆದುಕೊಂಡರು. ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ ಲಾಂಚ್ ದಾಟಿಸುವುದೇ ಅವರಿಗೂ ಸಾಗರಕ್ಕೂ ಇದ್ದ ಹತ್ತಿರದ ಸಂಪರ್ಕ. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಹೆರಿಗೆಯ ನೋವಿನವರೂ ಹಾವು ಕಚ್ಚಿದವರೂ ಕಾಡಿನ ದಾರಿ ಬಳಸಿ ಹೋಗಬೇಕಿತ್ತು. ನಾಡಿಗೆಲ್ಲ ಬೆಳಕು ಕೊಟ್ಟ ನೀರಿನ ದಡದಲ್ಲಿದ್ದೂ ಕೆಲವು ಊರುಗಳು ವಿದ್ಯುತ್ತಿಗಾಗಿ ವರ್ಷಗಟ್ಟಲೆ ಕಾದವು. ಅಂತೂ 2025ರ ಜುಲೈ 14ರಂದು ಅಲ್ಲಿ ಸೇತುವೆ ಉದ್ಘಾಟನೆಯಾಯಿತು, ಎರಡು ಕಿಲೋಮೀಟರಿಗೂ ಉದ್ದದ ಆ ತೂಗುಕಂಬಿಯ ಸೇತುವೆ ನಿಜಕ್ಕೂ ಹೆಮ್ಮೆಯ ಕೆಲಸ, ಅದಕ್ಕಾಗಿ ದುಡಿದವರೆಲ್ಲರಿಗೂ ಪ್ರವಾಸಿಯಾಗಿ ನಾನೂ ಕೃತಜ್ಞ. ಆದರೆ ಸಿಗಂದೂರು ದೇವಸ್ಥಾನಕ್ಕೆ ಹೋಗುವ ನೂರಾರು ವಾಹನಗಳು ಈಗ ಆ ಸೇತುವೆಯ ಮೇಲೆ ನಿಂತು ಹೊರಡುವಾಗ, ಇದು ಪ್ರವಾಸೋದ್ಯಮಕ್ಕೆಂದು ಕೊಟ್ಟ ಕೊಡುಗೆಯೆಂದು ತಿಳಿದರೆ ಅದು ತಪ್ಪಾಗುತ್ತದೆ. ಅದು ಮುಳುಗಡೆಯವರಿಗೆ ಸಲ್ಲಬೇಕಾಗಿದ್ದ ಸಾಲ, ಅರವತ್ತು ವರ್ಷ ತಡವಾಗಿ ಸಂದಾಯವಾದದ್ದು. ಸೇತುವೆಯ ಎರಡೂ ತುದಿಯಲ್ಲಿ ಈ ಮಾತನ್ನು ಬರೆದು ನಿಲ್ಲಿಸುವುದು ಸರ್ಕಾರಕ್ಕೆ ಅವಮಾನವಲ್ಲ.

ಬೇಸಿಗೆಯಲ್ಲಿ ನೀರು ಇಳಿದಾಗ ಹಿರೇಭಾಸ್ಕರದ ಹಳೆಯ ಅಣೆಕಟ್ಟೆ ಮತ್ತೆ ಕಾಣಿಸಿಕೊಳ್ಳುತ್ತದೆ. ದಶಕಗಟ್ಟಲೆ ಮುಳುಗಿ ಎದ್ದರೂ ಅದರ ಸೈಫನ್ ತೂಬುಗಳು ಗಟ್ಟಿಯಾಗಿ ನಿಂತಿವೆ. ಗೇಟುಗಳಿಲ್ಲದೆ, ನೀರು ಒಂದು ಮಟ್ಟ ಮುಟ್ಟಿದೊಡನೆ ತಾನಾಗಿಯೇ ಹೊರಬೀಳುವಂತೆ ನಮ್ಮ ನಾಡಿನ ಎಂಜಿನಿಯರ್ ಗಣೇಶ ಅಯ್ಯರ್ ರೂಪಿಸಿದ ವಿಧಾನ ಅದು. ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕರೆತಂದು ತೋರಿಸಬೇಕಾದ ಜಾಗ. ಇಂದು ಅದು ಮೊಬೈಲ್ ಚಿತ್ರಕ್ಕೆ ಹಿನ್ನೆಲೆಯಾಗಿ ಸುದ್ದಿಯಾಗುತ್ತದೆ, ಕಾವಲೂ ಇಲ್ಲದ, ವಿವರಣೆಯೂ ಇಲ್ಲದ ಜಾಗಕ್ಕೆ ಜನ ಅಪಾಯ ಲೆಕ್ಕಿಸದೆ ಹೋಗುತ್ತಾರೆ ಎಂದು ಊರವರು ಬೇಸರಪಟ್ಟರು. ಅದೇ ಸಮಯದಲ್ಲಿ ಬಯಲಾಗುವ ಹಳೆಯ ಬಾವಿಯ ಕಟ್ಟೆ, ಮನೆಯ ತಳಪಾಯ, ದೇವಸ್ಥಾನದ ಮೆಟ್ಟಿಲುಗಳನ್ನು ಹುಡುಕಿಕೊಂಡು ಬರುವ ವಯಸ್ಸಾದವರೂ ಇದ್ದಾರಂತೆ. ಆ ನೆಲವನ್ನು ಕಣ್ಣಾರೆ ಕಂಡು ಗುರುತಿಸಬಲ್ಲವರು ಇನ್ನು ಹೆಚ್ಚು ಕಾಲ ನಮ್ಮೊಂದಿಗೆ ಇರುವುದಿಲ್ಲ. ಆದ್ದರಿಂದ ನನ್ನ ಕೋರಿಕೆಗಳಲ್ಲಿ ಅವಸರದ್ದು ಯಾವುದೆಂದು ಕೇಳಿದರೆ ಅವರ ನೆನಪನ್ನು ದಾಖಲಿಸುವುದೇ ಎನ್ನುತ್ತೇನೆ.

ಈ ಯೋಜನೆ ಬೇಕಿರಲಿಲ್ಲ ಎಂದು ನಾನು ವಾದಿಸುತ್ತಿಲ್ಲ. ನಮ್ಮ ಊರಿನ ಪಂಪ್‌ಸೆಟ್ ತಿರುಗಿದ್ದು, ನನ್ನ ಶಾಲೆಯಲ್ಲಿ ದೀಪ ಹತ್ತಿದ್ದು, ಬೆಂಗಳೂರಿನ ಕಾರ್ಖಾನೆಗಳು ಬೆಳೆದದ್ದು ಬಹುಮಟ್ಟಿಗೆ ಶರಾವತಿಯ ವಿದ್ಯುತ್ತಿನಿಂದ. ಬಳಸಿಕೊಂಡವರೆಂಬ ಕಾರಣಕ್ಕೇ ನಾವು ಬಯಲುಸೀಮೆಯವರೂ ಪಟ್ಟಣದವರೂ ಈ ಮಾತನ್ನು ಎತ್ತಬೇಕು, ಅದು ಸಂತ್ರಸ್ತರ ಗೋಳಾಗಿಯೇ ಉಳಿಯಬಾರದು. ಕಾಡು ಉಳಿಯಬೇಕೆಂಬುದರಲ್ಲೂ ನನಗೆ ಎರಡು ಮಾತಿಲ್ಲ. ಸಿಂಗಳೀಕ ಉಳಿದಿರುವ ಈ ಕಾಡನ್ನು ಹೊಸ ಒತ್ತುವರಿಯಿಂದ ಕಾಪಾಡಲೇಬೇಕು. ಆದರೆ ಹೊಸದಾಗಿ ಕಾಡು ಕಡಿದವನನ್ನೂ, 1960ರ ದಶಕದಲ್ಲಿ ಸರ್ಕಾರದ ಲಾರಿಯಲ್ಲಿ ಬಂದಿಳಿದವನ ಮೊಮ್ಮಗನನ್ನೂ ಒಂದೇ ಪಟ್ಟಿಯಲ್ಲಿ ಬರೆಯುವುದು ಅನ್ಯಾಯ. ಇಬ್ಬರನ್ನೂ ಬೇರೆ ಮಾಡಿ ತೋರಿಸಬಲ್ಲದ್ದು ದಾಖಲೆ ಒಂದೇ, ಆ ದಾಖಲೆ ಇರುವುದು ತಮ್ಮ ಕಚೇರಿಗಳ ಕಪಾಟಿನಲ್ಲಿ.

ಈಗ ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಸರ್ಕಾರ ಮುಂದಿಟ್ಟಿದೆ. ವಿದ್ಯುತ್ ಹೆಚ್ಚಿದ್ದಾಗ ಕೆಳಗಿನ ನೀರನ್ನು ಮೇಲಕ್ಕೆತ್ತಿ, ಬೇಡಿಕೆ ಹೆಚ್ಚಿದಾಗ ಅದನ್ನೇ ಇಳಿಸಿ ವಿದ್ಯುತ್ ಪಡೆಯುವ ಯೋಜನೆ. ಅದರ ಸರಿತಪ್ಪುಗಳ ಚರ್ಚೆಗೆ ಈ ಪತ್ರ ಸ್ಥಳವಲ್ಲ. ಆದರೆ ಅಭಯಾರಣ್ಯದೊಳಗಿನ ರೈತನಿಗೆ ಅರಣ್ಯ ಕಾನೂನಿನಿಂದಾಗಿ ಹಕ್ಕುಪತ್ರ ಸಾಧ್ಯವಿಲ್ಲ ಎನ್ನುವ ಸರ್ಕಾರವು, ಅದೇ ಅಭಯಾರಣ್ಯದಲ್ಲಿ ಯೋಜನೆಗೆ ಅನುಮತಿ ತರಲು ಕೇಂದ್ರದ ಬಾಗಿಲನ್ನು ಶ್ರದ್ಧೆಯಿಂದ ತಟ್ಟುತ್ತಿರುವುದನ್ನು ಕಣಿವೆಯ ಜನ ನೋಡುತ್ತಿದ್ದಾರೆ. ಅಷ್ಟೇ ಶ್ರದ್ಧೆಯನ್ನು ಅವರ ಕಡತಕ್ಕೂ ತೋರಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಆದ್ದರಿಂದ ನನ್ನ ವಿನಂತಿಗಳು ಹೀಗಿವೆ. ಕಂದಾಯ ಇಲಾಖೆಯು ಹಿರೇಭಾಸ್ಕರ ಮತ್ತು ಲಿಂಗನಮಕ್ಕಿ ಎರಡೂ ಯೋಜನೆಗಳ ಭೂಸ್ವಾಧೀನ ಮತ್ತು ಪುನರ್ವಸತಿ ದಾಖಲೆಗಳನ್ನು ಊರುವಾರು ಜೋಡಿಸಿ, ಯಾವ ಊರಿನ ಯಾವ ಕುಟುಂಬವನ್ನು ಎಲ್ಲಿಗೆ ಕಳಿಸಲಾಯಿತು ಎಂಬ ಪಟ್ಟಿಯನ್ನು ಸಂಬಂಧಪಟ್ಟ ಗ್ರಾಮ ಪಂಚಾಯಿತಿಗಳಲ್ಲಿ ಪ್ರಕಟಿಸಬೇಕು. ಗೇಣಿದಾರರಾಗಿದ್ದ ಕಾರಣ ಹೆಸರು ಬಿಟ್ಟುಹೋದವರಿಗೆ ಸಾಕ್ಷ್ಯ ಒದಗಿಸಲು ಅವಕಾಶ ಕೊಡಬೇಕು, ವೃದ್ಧರ ಹೇಳಿಕೆಯನ್ನು ಅಧಿಕಾರಿಗಳೇ ಮನೆಬಾಗಿಲಿಗೆ ಹೋಗಿ ಬರೆದುಕೊಳ್ಳಬೇಕು. ಆ ಪಟ್ಟಿಯ ಆಧಾರದ ಮೇಲೆ ಅರಣ್ಯ ಇಲಾಖೆಯು ಕೇಂದ್ರಕ್ಕೆ ಕಾನೂನಿನ ಕ್ರಮದಲ್ಲೇ ಪ್ರಸ್ತಾವ ಸಲ್ಲಿಸಬೇಕು, ಅದು ಯಾವ ಹಂತದಲ್ಲಿದೆ ಎಂಬುದನ್ನು ಕಾಲಕಾಲಕ್ಕೆ ಜನರಿಗೆ ತಿಳಿಸಬೇಕು. ತೀರ್ಮಾನ ಆಗುವವರೆಗೆ ಪಟ್ಟಿಯಲ್ಲಿರುವ ಕುಟುಂಬಗಳಿಗೆ ತೆರವಿನ ನೋಟಿಸು ಕೊಡದಿರಬೇಕು.

ಇಂಧನ ಮತ್ತು ಪ್ರವಾಸೋದ್ಯಮ ಖಾತೆಗಳಲ್ಲಿ ನನ್ನದು ಇನ್ನೂ ಸುಲಭದ ಕೋರಿಕೆ. ಕಾರ್ಗಲ್ಲಿನಲ್ಲಿ ಸಾರ್ವಜನಿಕರು ಬರಬಹುದಾದ ಒಂದು ಕಟ್ಟಡವನ್ನು ಗುರುತಿಸಿ ಅಲ್ಲಿ ಶರಾವತಿ ಕಣಿವೆಯ ದಾಖಲೆ ಕೇಂದ್ರವನ್ನು ತೆರೆಯಿರಿ. ಮುಳುಗುವ ಮುಂಚಿನ ಸರ್ವೆ ನಕ್ಷೆಗಳು, ಊರುಗಳ ಹೆಸರು, ಸಿಗುವಷ್ಟು ಛಾಯಾಚಿತ್ರಗಳು, ಅಣೆಕಟ್ಟೆ ಕಟ್ಟಿದ ಕೂಲಿಕಾರರ ವಿವರ, ಎಂಜಿನಿಯರುಗಳ ಸಾಧನೆ, ಸಂತ್ರಸ್ತರ ಧ್ವನಿಮುದ್ರಿಕೆ ಎಲ್ಲವೂ ಒಂದೇ ಸೂರಿನಡಿ ಇರಲಿ. ಅದನ್ನು ನಡೆಸುವ ಕೆಲಸವನ್ನು ಮುಳುಗಡೆ ಕುಟುಂಬಗಳ ಮಕ್ಕಳಿಗೆ ಕೊಡಿ. ಪಟಗುಪ್ಪ, ಅಂಬಾರಗೋಡ್ಲು, ಕಳಸವಳ್ಳಿಗಳಲ್ಲಿ ಹಿನ್ನೀರಿನ ಎದುರು ಆ ದಿಕ್ಕಿಗೆ ಮುಳುಗಿರುವ ಊರುಗಳ ಹೆಸರುಳ್ಳ ಕಲ್ಲಿನ ಫಲಕಗಳನ್ನು ನಿಲ್ಲಿಸಿ. ಹಿರೇಭಾಸ್ಕರ ಅಣೆಕಟ್ಟೆಗೆ ನೀರು ಇಳಿದ ತಿಂಗಳುಗಳಲ್ಲಿ ಮಾರ್ಗದರ್ಶಿಯೊಂದಿಗೆ, ಮಿತ ಸಂಖ್ಯೆಯಲ್ಲಿ, ಸುರಕ್ಷಿತವಾಗಿ ಹೋಗಿಬರುವ ವ್ಯವಸ್ಥೆ ಮಾಡಿ. ದಾರಿಯಲ್ಲಿ ನಿಲ್ಲುವವರಿಗೆ ಶೌಚಾಲಯ, ಕಸದ ತೊಟ್ಟಿ ಇಲ್ಲದಿದ್ದರೆ ಆ ಹೊರೆಯೂ ಹಿನ್ನೀರಿನ ದಡದವರ ಮೇಲೆಯೇ ಬೀಳುತ್ತದೆ ಎಂಬುದನ್ನೂ ನೆನಪಿಸುತ್ತೇನೆ.

ನನ್ನಂತೆ ಘಟ್ಟದ ದಾರಿ ಹಿಡಿಯುವ ಪ್ರವಾಸಿಗರಿಗೂ ಒಂದು ಮಾತು. ಜೋಗ ನೋಡಿಕೊಂಡು ಹೊರಟುಬಿಡಬೇಡಿ. ಕಾರ್ಗಲ್, ತುಮರಿ, ಹೊಸನಗರದಂಥ ಊರುಗಳಲ್ಲಿ ಒಂದು ಹೊತ್ತು ಕಳೆಯಿರಿ, ಅಲ್ಲಿನ ಮನೆಗಳಲ್ಲಿ ಉಣ್ಣಿ, ನಿಮ್ಮ ಮೂಲ ಊರು ಯಾವುದು ಎಂದು ಹಿರಿಯರನ್ನು ಕೇಳಿ. ಹೇಳಲು ಕಾದಿರುವವರು ಅಲ್ಲಿ ಬಹಳ ಮಂದಿ ಇದ್ದಾರೆ.

ಈ ಪತ್ರಕ್ಕೆ ನನ್ನೊಬ್ಬನ ಹೆಸರಿಗೆ ಉತ್ತರ ಬರಬೇಕೆಂದು ನಾನು ಬಯಸುವುದಿಲ್ಲ. ಭೂಸ್ವಾಧೀನ ದಾಖಲೆಗಳನ್ನು ಪ್ರಕಟಿಸುವ ಬಗ್ಗೆ ಸರ್ಕಾರದ ನಿಲುವೇನು, ಕೇಂದ್ರಕ್ಕೆ ಹೋಗಬೇಕಾದ ಪ್ರಸ್ತಾವ ಎಲ್ಲಿಗೆ ಬಂದಿದೆ ಎಂಬ ಎರಡು ಪ್ರಶ್ನೆಗಳಿಗೆ ಮುಂದಿನ ಮಳೆಗಾಲದೊಳಗೆ ಸಾಗರದಲ್ಲಿ ಸಭೆ ಕರೆದು, ಮುಳುಗಡೆ ಕುಟುಂಬಗಳ ಎದುರಿನಲ್ಲಿ ಉತ್ತರ ಕೊಡಬೇಕೆಂದು ವಿನಂತಿಸುತ್ತೇನೆ.

ಗೌರವದೊಂದಿಗೆ,
ಶರಾವತಿಯ ವಿದ್ಯುತ್ತನ್ನು ಬಳಸುವ ಬಯಲುಸೀಮೆಯ ಒಬ್ಬ ನಾಗರಿಕ